ಅಂಜಿನಮ್ಮನ ಅಶೋಕದ ತೊಗಟೆ

ಹಲಸೂರು ಬಜಾರಿನ ಬಳೆ ಅಂಗಡಿಯ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಬೇರು, ತೊಗಟೆ ಮಾರುತ್ತಿದ್ದ ಅಂಜಿನಮ್ಮನಿಗೆ ಎರಡು ಸಾವಿರದ ಮೂರನೇ ಇಸವಿಯಲ್ಲಿ ಐವತ್ತಾರು ವರ್ಷ. ಹುಟ್ಟಿದ್ದು ಹೊರಮಾವಿನಲ್ಲಿ. ಹೊರಮಾವು ಆಗ ಊರು, ಈಗಿನ ಹಾಗೆ ಅಪಾರ್ಟ್‌ಮೆಂಟುಗಳ ಸಾಲಲ್ಲ. ಮದುವೆಯಾಗಿ ಹಲಸೂರಿಗೆ ಬಂದಾಗ ಅವರಿಗೆ ಗೊತ್ತಿದ್ದ ಗಿಡಮೂಲಿಕೆ ಎಂದರೆ ತುಳಸಿ ಮತ್ತು ದೊಡ್ಡಪತ್ರೆ ಮಾತ್ರ. ಗೋಣಿತಟ್ಟು ಅತ್ತೆ ಮಂಜುಳಮ್ಮನದು. ಮಂಜುಳಮ್ಮ ಸೊಸೆಗೆ ಬಾಯಲ್ಲಿ ಹೇಳಿಕೊಟ್ಟದ್ದು ಕಡಿಮೆ. ಬಾಯೊಳಗೆ ಹಾಕಿಸಿ ಕಲಿಸಿದ್ದೇ ಹೆಚ್ಚು. ಒಂದು ಚೂರು ಕೊಟ್ಟು "ಅಗೀ" ಎನ್ನುತ್ತಿದ್ದರಂತೆ. ಕಹಿಯೋ, ಒಗರೋ, ನಾಲಿಗೆ ಹಿಡಿಯುತ್ತದೋ ಜಾರುತ್ತದೋ ಎಂದು ಕೇಳುತ್ತಿದ್ದರಂತೆ. ತಪ್ಪು ಹೇಳಿದರೆ ಮತ್ತೊಂದು ಚೂರು.

"ಆರು ತಿಂಗಳು ನನ್ನ ಬಾಯಿಗೆ ಅನ್ನದ ರುಚಿನೇ ಗೊತ್ತಾಗ್ಲಿಲ್ಲ ಕಣಮ್ಮ. ನಮ್ಮೆಜಮಾನ್ರು ಸಾರಿಗೆ ಉಪ್ಪು ಜಾಸ್ತಿ ಅಂತ ಬಯ್ಯೋರು, ನನಗೆ ಉಪ್ಪು ಹಾಕಿದೀನೋ ಇಲ್ವೋ ಅನ್ನೋದೇ ತಿಳೀತಿರ್ಲಿಲ್ಲ," ಎಂದು ಒಮ್ಮೆ ನನಗೆ ಹೇಳಿ ನಕ್ಕಿದ್ದರು.

ಅವರು ಮಾರುವ ಸಾಮಾನಿನಲ್ಲಿ ಅರ್ಧ ನಮ್ಮ ಸುತ್ತಮುತ್ತಲಿನ ಬಯಲುಸೀಮೆಯದು. ಉಳಿದರ್ಧ ಘಟ್ಟದ ದಟ್ಟ ಕಾಡಿನದು. ಸಕ್ಕರೆ ಕಾಯಿಲೆಯವರು ಕೇಳಿಕೊಂಡು ಬರುವ ಏಕನಾಯಕದ ಬೇರು, ಹಳದಿ ಬಣ್ಣದ ಮರದರಿಶಿನದ ಕಡ್ಡಿ, ಹೆಂಗಸರಿಗೆ ತಿಂಗಳ ಸ್ರಾವ ಹೆಚ್ಚಾದರೆ ಕಷಾಯ ಮಾಡಿ ಕುಡಿಯುವ ಅಶೋಕದ ತೊಗಟೆ, ಇವೆಲ್ಲ ಕಾಡಿನವು. ಅಶೋಕ ಎಂದರೆ ಇಂದಿರಾನಗರದ ಕಾಂಪೌಂಡುಗಳ ಉದ್ದಕ್ಕೂ ಕಂಬದಂತೆ ನಿಂತಿರುವ ಮರ ಎಂದೇ ನಾನು ಶಾಲೆಯ ದಿನಗಳಿಂದ ತಿಳಿದಿದ್ದೆ. ನಿಜವಾದದ್ದು ಅದಲ್ಲ, ಕಾಡಿನಲ್ಲಿ ಹೊಳೆಯ ಪಕ್ಕ ನೆರಳಿನಲ್ಲಿ ಬೆಳೆಯುವ, ಕೆಂಡದ ಬಣ್ಣದ ಹೂ ಬಿಡುವ ಬೇರೆಯೇ ಮರ ಎಂದು ನನಗೆ ತಿಳಿದದ್ದು ಮಗು ಹುಟ್ಟಿದ ಮೇಲೆ, ಅಂಜಿನಮ್ಮನ ಮುಂದೆ ಕೂತಾಗ.

ಕಾಡಿನ ಸಾಮಾನು ತರುತ್ತಿದ್ದವನು ಚಿನ್ನಪ್ಪ. ಕೊಡಗಿನ ಭಾಗಮಂಡಲದ ಆಚೆಯವನು. ಅವನಿಗಿಂತ ಮೊದಲು ಅವನ ಅಪ್ಪ ತರುತ್ತಿದ್ದ. ವರ್ಷಕ್ಕೊಮ್ಮೆ ಯುಗಾದಿ ಕಳೆದ ಮೇಲೆ ಬಸ್ಸಿನಲ್ಲಿ ಬಂದು, ಕಟ್ಟುಗಳನ್ನು ಇಳಿಸಿ, ಅಂಜಿನಮ್ಮನ ಮನೆಯಲ್ಲಿ ಮುದ್ದೆ ಉಂಡು ಹೋಗುತ್ತಿದ್ದ. ತೊಗಟೆಯ ಕಟ್ಟನ್ನು ಅವನು ಹಗ್ಗದಲ್ಲಿ ಕಟ್ಟುತ್ತಿರಲಿಲ್ಲ. ಕಾಡಿನದೇ ಒಂದು ಬಳ್ಳಿಯ ನಾರಿನಲ್ಲಿ ಎಡಕ್ಕೆ ಎರಡು ಸುತ್ತು ತಿರುಗಿಸಿ, ತುದಿಯನ್ನು ಒಳಗೆ ತೂರಿಸಿ ಗಂಟು ಹಾಕುತ್ತಿದ್ದ. ಪೇಟೆಯ ಯಾರಿಗೂ ಆ ಗಂಟು ಬರುತ್ತಿರಲಿಲ್ಲ. ಮಂಜುಳಮ್ಮ ಹಾಕಿದ್ದ ಕಟ್ಟಳೆ ಹೀಗಿತ್ತು: ಗಂಟು ನೋಡು, ಕಟ್ಟು ತಗೋ, ಮಾರುವ ದಿನದವರೆಗೆ ಬಿಚ್ಚಬೇಡ. ಬಿಚ್ಚಿದರೆ ಗಾಳಿಗೆ ಗುಣ ಹೋಗುತ್ತದೆ. ಶಿವಾಜಿನಗರದ ಗೋದಾಮುಗಳಲ್ಲಿ ಎಲ್ಲವನ್ನೂ ಕಲಬೆರಕೆ ಮಾಡುತ್ತಾರೆ ಎಂದು ಹೆದರಿದ್ದ ಆ ಅತ್ತೆ, ಸೊಸೆ ಇಬ್ಬರೂ ಅತ್ತ ಕಾಲಿಟ್ಟಿರಲಿಲ್ಲ. ಬೇರೆಯವರ ಸಾಮಾನನ್ನು ಅಗಿದು ನೋಡದೆ ಮುಟ್ಟದ ಅಂಜಿನಮ್ಮ, ಆ ಗಂಟಿದ್ದ ಕಟ್ಟನ್ನು ಮಾತ್ರ ಅಗಿದು ನೋಡಲೇ ಇಲ್ಲ. ಮೂವತ್ತು ವರ್ಷ ಅದರ ಅಗತ್ಯವೂ ಬಿದ್ದಿರಲಿಲ್ಲ.

ಇನ್ನೊಂದು ಕಟ್ಟಳೆ ಅವರದೇ. ಅಶೋಕದ ತೊಗಟೆ ಹದಿನೈದು ದಿನಕ್ಕಾಗುವಷ್ಟೇ ಕೊಡುವುದು. ಆಮೇಲೆ ಕುಡಿದವರೇ ಬಂದು ಎದುರಿಗೆ ಕೂರಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ನೋಡಿ, ಕಡಿಮೆಯಾಗಿಲ್ಲ ಅನಿಸಿದರೆ, "ಇದು ನನ್ನ ಕೈಲಾಗೋದಲ್ಲ, ಆಸ್ಪತ್ರೆಗೆ ಹೋಗು" ಎನ್ನುತ್ತಿದ್ದರು.

ಆ ವರ್ಷ ಜೂನ್ ತಿಂಗಳಿನಲ್ಲಿ ಜಯಮಾಲಾಳನ್ನು ಅವರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಬಾಣಸವಾಡಿಯ ನಮ್ಮ ಮನೆಗೆ ಪಾತ್ರೆ, ಬಟ್ಟೆಗೆ ಬರುತ್ತಿದ್ದ ಹುಡುಗಿ ಅವಳು. ಇಪ್ಪತ್ತೆಂಟು ವರ್ಷ, ಎರಡು ಮಕ್ಕಳು, ಊರು ಲಿಂಗಸೂಗೂರು ಕಡೆ. ಗಂಡ ಭೀಮು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಬೈಯಪ್ಪನಹಳ್ಳಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಬಟ್ಟೆ ಹಿಂಡುವಾಗ ಅವಳು ಗೋಡೆ ಹಿಡಿದು ನಿಲ್ಲುವುದನ್ನು ನೋಡಿ ಕೇಳಿದಾಗ, ತಿಂಗಳಲ್ಲಿ ಹನ್ನೆರಡು ದಿನ ಸ್ರಾವ ನಿಲ್ಲುವುದಿಲ್ಲ ಎಂದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಒಲ್ಲೆರೀ ಅಕ್ಕಾರ, ಅವ್ರು ಕೊಯ್ತಾರ" ಎಂದು ತಲೆ ಅಲ್ಲಾಡಿಸಿದಳು. ಅದರ ಹಿಂದಿನ ವರ್ಷ, ನನ್ನ ಮಗ ಸಿದ್ಧಾರ್ಥ್ ನಾಲ್ಕು ತಿಂಗಳ ಕೂಸಾಗಿದ್ದಾಗ, ನನಗೂ ಹೀಗೇ ಆಗಿತ್ತು. ಡಾಕ್ಟರು ಏನೂ ತೊಂದರೆಯಿಲ್ಲ ಎಂದ ಮೇಲೂ ನನಗೆ ಸಮಾಧಾನವಾಗದೆ ಅಂಜಿನಮ್ಮನ ತೊಗಟೆ ಕುಡಿದಿದ್ದೆ, ಕಡಿಮೆಯೂ ಆಗಿತ್ತು. ಆ ಧೈರ್ಯ ನನ್ನದು.

ಅಂಜಿನಮ್ಮ ಜಯಮಾಲಾಳ ಕಣ್ಣು ನೋಡಿದರು. "ಎಷ್ಟು ತಿಂಗಳಿಂದ?"

"ನಾಕು ಆತ್ರಿ ಯಮ್ಮಾ."

"ನಾಕು ತಿಂಗಳು ಬಾಯಿ ಮುಚ್ಕೊಂಡಿದ್ಯಾ? ನಿನ್ನ ಗಂಡಂಗೆ ಹಲ್ಲು ನೋವು ಬಂದಿದ್ರೆ ಊರೆಲ್ಲ ಕೇಳ್ಸಿರೋದು!"

ಜಯಮಾಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂಜಿನಮ್ಮ ಹೊಸ ಕಟ್ಟಿನ ಗಂಟು ಬಿಚ್ಚಿ, ಅವಳ ಮುಖವನ್ನೇ ನೋಡುತ್ತ ತೊಗಟೆ ಮುರಿದು, ಪೇಪರಿನಲ್ಲಿ ಸುತ್ತಿ ಕೊಟ್ಟರು. "ಹದಿನೈದು ದಿನ ಆದ್ಮೇಲೆ ನೀನೇ ಬರ್ಬೇಕು" ಎಂದು ಎರಡು ಸಲ ಹೇಳಿದರು.

ಅವಳ ರೂಮಿನ ಸೀಮೆಎಣ್ಣೆ ಸ್ಟವ್ವಿನಲ್ಲಿ ಅಷ್ಟು ಹೊತ್ತು ಕುದಿಸಲಾಗದು ಎಂದು ಕಷಾಯವನ್ನು ನಾನೇ ನಮ್ಮ ಮನೆಯಲ್ಲಿ ಮಾಡಿ ಕುಡಿಸುತ್ತಿದ್ದೆ. ಮೊದಲ ದಿನವೇ ನೀರು ಪೇಲವವಾಗಿತ್ತು. ಹಿಂದಿನ ವರ್ಷ ನಾನು ಕಾಯಿಸಿದಾಗ ಇಟ್ಟಿಗೆಯ ಹಾಗೆ ಕೆಂಪಗಾಗಿ, ಸ್ಟೀಲ್ ಪಾತ್ರೆಗೆ ಕಲೆ ಹಿಡಿದು ಹುಣಸೆಹಣ್ಣಿಗೂ ಹೋಗಿರಲಿಲ್ಲ. ಈ ಸಲ ನನ್ನದೇ ತಪ್ಪಿರಬೇಕು ಅಂದುಕೊಂಡೆ. ಮಾರನೇ ದಿನ ಹೆಚ್ಚು ಹೊತ್ತು ಕುದಿಸಿದೆ. ಆಮೇಲೆ ನೀರು ಕಡಿಮೆ ಹಾಕಿದೆ. ನಲ್ಲಿ ನೀರಿನಿಂದ ಹೀಗಾಯಿತೇನೋ ಎಂದು ಬಾವಿ ನೀರು ತರಿಸಿ ನೋಡಿದೆ. ಮಗುವಿನ ಹಾಲಿನ ಬಾಟಲಿ ಮೂರು ಸಲ ಕುದಿಸುವ ನನಗೆ, ನನ್ನ ಅಡುಗೆಮನೆಯಲ್ಲಿ ಏನು ಕೆಟ್ಟರೂ ನನ್ನಿಂದಲೇ ಎನಿಸುವುದು ರೂಢಿ.

ಹದಿನೈದು ದಿನ ಮುಗಿದಾಗ ಜಯಮಾಲಾ "ಸ್ವಲ್ಪ ಕಮ್ಮಿ ಆಗ್ಯಾದ್ರಿ" ಎಂದಳು. ನಡೆಯುವ ತ್ರಾಣವಿರಲಿಲ್ಲ, ಕೆಲಸ ತಪ್ಪಿಸಲು ಹೆದರಿಕೆ, ಅದಕ್ಕೆ ಹಾಗೆ ಹೇಳಿದ್ದಳು ಎಂದು ಆಮೇಲೆ ತಿಳಿಯಿತು. ನಾನೇ ಹಲಸೂರಿಗೆ ಹೋಗಿ ಎರಡನೇ ಪೊಟ್ಟಣ ಕೇಳಿದೆ. "ಅವಳೆಲ್ಲಿ?" ಎಂದರು ಅಂಜಿನಮ್ಮ. "ಕಡಿಮೆಯಾಗಿದೆಯಂತೆ, ಮುಂದಿನ ವಾರ ಕರ್ಕೊಂಡು ಬರ್ತೀನಿ," ಎಂದೆ. ಓದಿದವಳು ಹೇಳುತ್ತಿದ್ದಾಳೆ ಎಂದು ಅವರು ಕಟ್ಟಿಕೊಟ್ಟರು. ಅವರ ಕಟ್ಟಳೆ ಮುರಿದದ್ದು ನನ್ನ ಮಾತಿನ ಮೇಲೆ.

ಇನ್ನೊಂದು ವಾರ ಕಳೆದು ಜಯಮಾಲಾ ಕೆಲಸಕ್ಕೇ ಬರಲಿಲ್ಲ. ಮೂರನೇ ದಿನಕ್ಕೆ ನನಗೆ ತಡೆಯಲಾಗದೆ, ಮಗುವನ್ನು ಎತ್ತಿಕೊಂಡು, ಕಷಾಯವನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಹಲಸೂರಿಗೆ ಹೋದೆ.

"ನಾನು ಕಾಯಿಸೋದ್ರಲ್ಲಿ ಏನೋ ತಪ್ಪಾಗ್ತಿದೆ ಅಂಜಿನಮ್ಮ, ಬಣ್ಣವೇ ಬಿಡ್ತಿಲ್ಲ," ಎಂದೆ.

ಫ್ಲಾಸ್ಕಿನ ಮುಚ್ಚಳಕ್ಕೆ ಸುರಿದು ನೋಡಿದರು. ಗೋಣಿತಟ್ಟಿನ ಮೇಲಿದ್ದ ತೊಗಟೆಯ ಒಂದು ಚೂರು ಮುರಿದರು. ಅಸಲಿಯ ಒಳಮೈ ಕೆಂಪಿರುತ್ತದೆ, ಇದು ಮಾಸಲು ಬಿಳಿ, ನಾರುನಾರು. ಬಾಯಿಗೆ ಹಾಕಿ ಅಗಿದರು, ಉಗುಳಿದರು. ಇನ್ನೊಂದು ಚೂರು ಅಗಿದರು. ಪಕ್ಕದ ಬಳೆ ಅಂಗಡಿಯಾತ "ಏನಮ್ಮೋ, ಎಲೆಯಡಿಕೆ ಖಾಲಿ ಆಯ್ತಾ?" ಎಂದ. ಅವರು ಇನ್ನೂ ಬಿಚ್ಚದ ಕಟ್ಟೊಂದನ್ನು ಎತ್ತಿ ಅದರ ಗಂಟನ್ನು ತಿರುಗಿಸಿ ನೋಡಿದರು.

"ಗಂಟು ಚಿನ್ನಪ್ಪಂದೇ," ಎಂದರು ಕೊನೆಗೆ. "ಒಳಗಿರೋದು ಅಶೋಕ ಅಲ್ಲ." ಆಮೇಲೆ ನನ್ನ ಕಡೆ ನೋಡಿ, "ಆ ಹುಡುಗಿ ಹೆಂಗಿದಾಳೆ?" ಎಂದು ಕೇಳಿದರು.

ಬಂದಿಲ್ಲ ಎಂದೆ. ಅವರು ಗೋಣಿತಟ್ಟನ್ನು ಸಾಮಾನು ಸಮೇತ ಸುತ್ತಿ ಬಳೆ ಅಂಗಡಿಯ ಕಟ್ಟೆಯ ಕೆಳಗೆ ತಳ್ಳಿ ಎದ್ದೇಬಿಟ್ಟರು.

ಬೈಯಪ್ಪನಹಳ್ಳಿಯ ರೂಮಿನಲ್ಲಿ ಜಯಮಾಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಬೆಳ್ಳಗಾಗಿತ್ತು. ಅಂಜಿನಮ್ಮ ಕಣ್ಣು ಎಳೆದು ನೋಡಿದವರೇ ಅವಳನ್ನು ಎಬ್ಬಿಸಿ ಕೂರಿಸಿದರು. "ಕೇಳಮ್ಮ, ನಾನು ಕೊಟ್ಟಿದ್ದು ಬೇರೆ ಯಾವ್ದೋ ಮರದ್ದು. ನೋಡ್ದೆ ಕೊಟ್ಬಿಟ್ಟೆ. ನನ್ದೇ ತಪ್ಪು. ಈಗ ಆಸ್ಪತ್ರೆಗೆ ಹೋಗ್ಬೇಕು, ಏಳು."

ಜಯಮಾಲಾ ಅವರನ್ನೇ ನೋಡಿದಳು. "ಇದು ಹೇಳಾಕ ಅಲ್ಲಿಂದ ಇಲ್ಲೀತನ ಬಂದ್ರ್ಯಾ?"

"ಇನ್ನೇನು, ನಿನ್ನ ಮನೆ ಊಟ ಮಾಡಕ್ಕಾ? ಏಳು."

ಡಾಕ್ಟರ ಹತ್ತಿರ ಬರುವುದಿಲ್ಲ ಎಂದು ನಾಲ್ಕು ವಾರ ಹಠ ಮಾಡಿದ್ದವಳು ಅಂಜಿನಮ್ಮನ ಹೆಗಲು ಹಿಡಿದು ಆಟೋ ಹತ್ತಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ರಕ್ತದ ಅಂಶ ಐದು ಇತ್ತು. ಹನ್ನೆರಡು ಇರಬೇಕಾದದ್ದು. ಗರ್ಭಕೋಶದಲ್ಲಿ ಗಡ್ಡೆಯಿತ್ತು. ರಕ್ತ ಕೊಡುವವರು ಬೇಕು ಎಂದಾಗ ಅಂಜಿನಮ್ಮ ಎಲ್ಲರಿಗಿಂತ ಮೊದಲು ತೋಳು ಚಾಚಿದರು. ಅಲ್ಲಿದ್ದ ಹುಡುಗಿ ಪರೀಕ್ಷೆ ಮಾಡಿ, "ಅಮ್ಮ, ನಿಮಗೇ ಯಾರಾದ್ರೂ ಕೊಡ್ಬೇಕು, ಹೋಗಿ ಕೂತ್ಕೊಳ್ಳಿ," ಎಂದಳು. ಭೀಮುವಿನ ಜೊತೆ ಕೆಲಸ ಮಾಡುವ ಇಬ್ಬರು ಬಂದು ಕೊಟ್ಟರು. ಭೀಮು ಸೂಜಿ ನೋಡಿದ್ದೇ ಬೆಂಚಿನ ಮೇಲೆ ಕುಸಿದ. ಎದ್ದ ಮೇಲೆ ನಮ್ಮಿಬ್ಬರ ಮೇಲೂ ಸಿಟ್ಟಾದ. "ನೀವು ಓದಿದವ್ರು, ಅವ್ರು ವೈದ್ಯ ಮಾಡೋರು. ಇಬ್ರೂ ಕೂಡಿ ನನ್ನ ಹೇಣ್ತಿನ್ನ ಇಲ್ಲಿಗಿ ತಂದ್ರಿ." ಅಂಜಿನಮ್ಮ ಚಿನ್ನಪ್ಪನ ಹೆಸರೆತ್ತಲಿಲ್ಲ. "ಹೌದಪ್ಪ" ಎಂದರು.

ಡಾಕ್ಟರಮ್ಮ ನಮಗೆ ಹೇಳಿದ್ದು ಇಷ್ಟು: ತೊಗಟೆ ಅಸಲಿಯಾಗಿದ್ದರೂ ಈ ಗಡ್ಡೆ ಕರಗುತ್ತಿರಲಿಲ್ಲ. ಗಡ್ಡೆ ತೆಗೆಯಲೇಬೇಕು. ಆದರೆ ಈ ರಕ್ತದಲ್ಲಿ ಆಪರೇಷನ್ ಆಗದು. ಸ್ರಾವ ತಡೆಯುವ ಮಾತ್ರೆಯ ಜೊತೆ ಕಬ್ಬಿಣದ ಮಾತ್ರೆಯನ್ನು ಎರಡು ಮೂರು ತಿಂಗಳು ತಪ್ಪದೆ ತಿಂದು, ರಕ್ತ ಹತ್ತು ದಾಟಬೇಕು. ಅಷ್ಟರಲ್ಲಿ ಮತ್ತೆ ಜೋರಾಗಿ ಹೋದರೆ ಜೀವಕ್ಕೇ ಅಪಾಯ.

ಇದನ್ನು ಕೇಳಿ ನನಗೆ ತುಸು ಹಗುರವಾಯಿತು. "ಅಸಲಿ ಆಗಿದ್ರೂ ಅಷ್ಟೇ ಅಂತೆ ಅಂಜಿನಮ್ಮ," ಎಂದೆ.

"ಹದಿನಾರನೇ ದಿನ ಅವಳ ಕಣ್ಣು ನೋಡಿದ್ರೆ ಆವತ್ತೇ ಇಲ್ಲಿಗೆ ಕಳಿಸ್ತಿದ್ದೆ. ಆವಾಗ ಐದು ಇರ್ತಿರ್ಲಿಲ್ಲ," ಎಂದರು.

ಮಾರನೇ ದಿನದಿಂದ ಆ ಕಟ್ಟಿನ ತೊಗಟೆ ಒಯ್ದ ಉಳಿದ ಹೆಂಗಸರನ್ನು ಹುಡುಕಲು ಹೊರಟರು. ವಿಳಾಸ ಯಾರದೂ ಇಲ್ಲ. ಇಂಥವರ ನಾದಿನಿ, ಇಂಥ ಮಿಲ್ಲಿನ ಹಿಂದೆ ಎಂಬಷ್ಟೇ ಅವರ ನೆನಪು. ನಾನೂ ಮಗುವನ್ನು ಕಟ್ಟಿಕೊಂಡು ಎರಡು ದಿನ ಜೊತೆಗೆ ಹೋದೆ. ಒಟ್ಟು ಆರು ಜನ. ಐವರು ಬೈದೋ ಬೈಯದೆಯೋ ಪೊಟ್ಟಣ ಕೊಟ್ಟರು. ಮರ್ಫಿಟೌನಿನ ಸುರಯ್ಯಾ ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ನಮ್ಗೆ ಅದ್ರಿಂದಾನೇ ಆರಾಮ್ ಆಗಿದೆ. ಈಗ ಬಂದು ಡೂಪ್ಲಿಕೇಟ್ ಅಂದ್ರೆ? ನಾನು ಕೊಡಲ್ಲ."

"ಅದ್ರಲ್ಲಿ ಏನೂ ಇಲ್ಲಮ್ಮ, ಬರೀ ಸೌದೆ."

"ಸೌದೆ ಆದ್ರೇನು, ವಾಸಿ ಆಯ್ತಲ್ಲ! ಇನ್ನೂ ಒಂದು ಪೊಟ್ಟಣ ಇದ್ರೆ ಕೊಟ್ಟೋಗಿ."

ಅಂಜಿನಮ್ಮ ಆ ಹೊಸಿಲಿನ ಮೇಲೆಯೇ ಕೂತುಬಿಟ್ಟರು. ಕೊನೆಗೆ ಸುರಯ್ಯಾ ಚಹಾ ಕೊಟ್ಟು, ಅರ್ಧ ಪೊಟ್ಟಣ ಹಿಂತಿರುಗಿಸಿ, ಅರ್ಧ ಇಟ್ಟುಕೊಂಡರು.

ತೊಗಟೆ ಎಲ್ಲಿಂದ ಬಂತು ಎಂದು ತಿಳಿಯಲು ಅಂಜಿನಮ್ಮ ಜೀವನದಲ್ಲಿ ಮೊದಲ ಸಲ ಶಿವಾಜಿನಗರದ ಗೋದಾಮಿಗೆ ಹೋದರು. ಅಲ್ಲಿ ಮಾಲು ಮಾರುವ ಅಸ್ಗರ್ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಕ್ಕ. "ಅರೆ ಅಮ್ಮಾ, ಇದು ನಮ್ಮದೇ ಮಾಲು! ಕಾಂಪೌಂಡ್ ಪಕ್ಕ ಉದ್ದಕ್ಕೆ ನಿಂತಿರ್ತದಲ್ಲ, ಆ ಮರದ್ದು. ರೋಡ್ ಅಗಲ ಮಾಡಕ್ಕೆ ಕಡೀತಾರೆ, ನಮ್ಗೆ ಬರ್ತದೆ. ಅಗರಬತ್ತಿ ಪುಡಿಗೆ ಅಂತ ಹೇಳೇ ಮಾರೋದು ನಾನು. ಯುಗಾದಿ ಆದ್ಮೇಲೆ ಒಬ್ಬ ಕೊಡಗಿನೋನು ಬಂದು ಒಂದು ಚೀಲ ತಗೊಂಡೋದ. ಇಲ್ಲೇ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಹಸಿ ನಾರು ತೆಗೆದು ಎಷ್ಟು ಚೆಂದ ಕಟ್ಟಿದ ಅಂತೀರಿ!"

ಹಲಸೂರಿನಿಂದ ಅಲ್ಲಿಗೆ ಎರಡು ಮೈಲಿ. ಕಾಡಿನಿಂದ ಬಂದದ್ದು ನಾರು ಮಾತ್ರ.

ಚಿನ್ನಪ್ಪನ ಊರಿನ ಅಂಗಡಿಯೊಂದಕ್ಕೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿಕೊಟ್ಟೆ. ಅವನನ್ನು ಕರೆಸಲು ಅರ್ಧ ಗಂಟೆಯಾಯಿತು. ಗಾಜಿನ ಬಾಗಿಲೊಳಗೆ ನಾವಿಬ್ಬರೂ ಒತ್ತಿಕೊಂಡು ನಿಂತಿದ್ದರಿಂದ ಅವನ ದನಿ ನನಗೂ ಕೇಳುತ್ತಿತ್ತು.

"ಮರ ಎಲ್ಲುಂಟು ಅಕ್ಕಾ? ಹೊಳೆ ಬದಿಯಲ್ಲಿ ಇದ್ದದ್ದನ್ನೆಲ್ಲ ಲಾರಿಯವರು ಬಂದು ಬುಡದಿಂದ ಸುಲಿದು ಹೋದರು. ನಮ್ಮಪ್ಪ ಒಂದು ಬದಿ ಮಾತ್ರ ಸುಲೀತಿದ್ದ, ಮರ ಬದುಕ್ತಿತ್ತು. ಇವ್ರು ಸುತ್ತ ಸುಲಿದ್ರು, ಎಲ್ಲ ಒಣಗಿತು. ಇನ್ನು ಎರಡು ಮರ ಉಂಟು. ಅದಕ್ಕೆ ಕತ್ತಿ ಹಾಕ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಇಲ್ಲ ಅಂತ ಹೇಳ್ಬೇಕಿತ್ತು."

"ನೀವು ಈ ಸಲ ಎರಡು ಕಟ್ಟು ಜಾಸ್ತಿ ಕೇಳಿದ್ರಿ."

ಅಂಜಿನಮ್ಮ "ಆ ಎರಡು ಮರ ಮುಟ್ಬೇಡ. ನನಗೆ ಇನ್ಮೇಲೆ ಏನೂ ತರ್ಬೇಡ," ಎಂದು ಇಟ್ಟರು.

ಅದೇ ವಾರ ಇನ್ನೊಂದು ಸಂಗತಿ ತಿಳಿಯಿತು. ಆಸ್ಪತ್ರೆಯಿಂದ ರೂಮಿಗೆ ಮರಳಿದ್ದ ಜಯಮಾಲಾ ಅಲ್ಲಿ ಕೊಟ್ಟ ಯಾವ ಮಾತ್ರೆಯನ್ನೂ ತಿನ್ನುತ್ತಿರಲಿಲ್ಲ. ಅವಳನ್ನು ನೋಡಲು ಹೋದಾಗ ಮಾತ್ರೆಯ ಪಟ್ಟಿಗಳು ಹಾಗೇ ಡಬ್ಬಿಯಲ್ಲಿದ್ದವು. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಒಳಗೆ ಏನೋ ಸುಡುತ್ತಿದೆ ಎಂದು ಅವಳ ಭಯ. ಕಪ್ಪಾಗುವುದು ಸಹಜ ಎಂದು ನಾನು ಡಾಕ್ಟರಮ್ಮನ ಮಾತನ್ನೇ ಹೇಳಿದೆ, ಪುಸ್ತಕ ತೋರಿಸಿದೆ, ಕೊನೆಗೆ ಗದರಿಸಿದೆ. "ನೀವು ಹೆದರಿ ಹೇಳ್ತೀರಿ ಅಕ್ಕಾರ, ನಿಮ್ಮ ಮಾತು ಕೇಳಿದ್ರ ನನಗೂ ಹೆದರಿಕಿ ಆಗ್ತದ," ಎಂದಳು. ಅದು ಸುಳ್ಳಲ್ಲ. "ಆ ಯಮ್ಮ ಏನಾರ ಬ್ಯಾರೆ ಕೊಟ್ರ ತಿಂತೀನ್ರಿ."

ಇದನ್ನು ಅಂಜಿನಮ್ಮನಿಗೆ ಹೇಳಿದಾಗ ಅವರ ಮುಖ ಕಿವುಚಿಕೊಂಡಿತು. "ಇನ್ನೂ ನನ್ನ ಕೇಳ್ತಾಳಾ? ಬುದ್ಧಿ ಇದ್ಯಾ ಅವಳಿಗೆ?" ಎಂದರು. ಎರಡು ದಿನ ಆ ವಿಷಯ ಎತ್ತಬೇಡ ಎಂದರು. ಯಾರಿಗೂ ಏನೂ ನುಂಗಿಸುವ ಯೋಗ್ಯತೆ ತನಗಿಲ್ಲ ಎಂಬುದು ಅವರ ವಾದ. ಮೂರನೇ ದಿನ ಬೆಳಿಗ್ಗೆ ಅವರೇ ಬೈಯಪ್ಪನಹಳ್ಳಿಗೆ ಹೋದರಂತೆ. ಭೀಮು ಬಾಗಿಲಲ್ಲಿ ತಡೆದ.

"ಮತ್ತೇನ್ ತಂದ್ರಿ?"

"ಏನೂ ತಂದಿಲ್ಲಪ್ಪ, ನೋಡು," ಎಂದು ಎರಡೂ ಕೈ ಬಿಚ್ಚಿ ತೋರಿಸಿದರಂತೆ. "ನಿಮ್ಮನೇಲಿರೋ ಮಾತ್ರೆನೇ."

ಅಂದಿನಿಂದ ದಿನಾ ಬೆಳಿಗ್ಗೆ ಬಜಾರಿಗೆ ಹೋಗುವ ಮೊದಲು ಅವರು ಆ ರೂಮಿಗೆ ಹೋಗಿ, ಜಯಮಾಲಾಳ ಎದುರು ಕೂತು ಮಾತ್ರೆ ನುಂಗಿಸಿದರು. ಮೊದಲ ದಿನ ತಾವೇ ಒಂದು ನುಂಗಿದರು. "ನಿಂಗೆ ಕಪ್ಪಗಾದ್ರೆ ನಂಗೂ ಆಗ್ತದೆ, ನೋಡೋಣ." ಮಾರನೇ ದಿನ ಆ ವಿಷಯವಾಗಿ ಇಬ್ಬರೂ ಏನು ಮಾತಾಡಿಕೊಂಡರೋ, ನಾನು ಹೋದಾಗ ಹೊಟ್ಟೆ ಹಿಡಿದು ನಗುತ್ತಿದ್ದರು. ವಾಂತಿ ಬಾರದಿರಲಿ ಎಂದು ತಿಂಡಿಯಾದ ಮೇಲೆ ಕೊಟ್ಟರು, ಜೊತೆಗೆ ನಿಂಬೆ ಪಾನಕ. ಅದಕ್ಕೂ ಮೊದಲು ಡಾಕ್ಟರಮ್ಮನನ್ನು ಕೇಳಿಕೊಂಡು ಬಾ ಎಂದು ನನ್ನನ್ನು ಆಸ್ಪತ್ರೆಗೆ ಅಟ್ಟಿದ್ದರು.

ಬಜಾರಿನಲ್ಲಿ ಅಶೋಕದ ತೊಗಟೆ ಕೇಳಿಕೊಂಡು ಬಂದವರಿಗೆ ಇಲ್ಲ ಎಂದರು. ಯಾಕಿಲ್ಲ ಎಂದು ಕೇಳಿದವರಿಗೆ ಮರ ಇಲ್ಲ ಎಂದರು. ಕೆಲವರು ಬೀದಿಯ ಆ ತುದಿಯ ಅಂಗಡಿಗೆ ಹೋದರು. ಅಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಏಕನಾಯಕವೂ ಮುಗಿಯಿತು, ಮರದರಿಶಿನವೂ ಮುಗಿಯಿತು. ಗೋಣಿತಟ್ಟಿನ ಮೇಲೆ ಬಜೆ, ಜಾಯಿಕಾಯಿ, ಸೀಗೆಕಾಯಿ ಉಳಿದವು. ಬಾಣಂತಿಯರ ತಾಯಂದಿರು ಬರುವುದು ನಿಲ್ಲಲಿಲ್ಲವಾದರೂ ಸಾಯಂಕಾಲದ ಗುಂಪು ಕರಗಿತ್ತು.

ಸೆಪ್ಟೆಂಬರಿನಲ್ಲಿ ಜಯಮಾಲಾಳ ರಕ್ತ ಎಂಟೂವರೆಗೆ ಬಂತು. ಅಕ್ಟೋಬರ್ ಕೊನೆಯ ಪರೀಕ್ಷೆಗೆ ನಾವು ಮೂವರೂ ಹೋದೆವು. ಕಾಗದ ಓದಲು ಬಾರದ ಅಂಜಿನಮ್ಮ ಅದನ್ನು ಕೈಯಲ್ಲಿ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡು ಹೇಳಿದೆ: ಹತ್ತು ಪಾಯಿಂಟ್ ಎರಡು.

"ಸಾಕಾ?" ಎಂದರು.

"ಸಾಕು."

ಡಾಕ್ಟರಮ್ಮ ನವೆಂಬರಿನ ಎರಡನೇ ವಾರಕ್ಕೆ ತಾರೀಖು ಕೊಟ್ಟು, ಅಲ್ಲಿಯವರೆಗೂ ಮಾತ್ರೆ ನಿಲ್ಲಿಸಬಾರದು ಎಂದರು. ಜಯಮಾಲಾ ಅಂಜಿನಮ್ಮನತ್ತ ತಿರುಗಿ, "ಇನ್ನೂ ಎರಡು ವಾರ ಬರಬೇಕಾತಲ್ರಿ ಯಮ್ಮಾ, ನಿಮಗ ತ್ರಾಸು," ಎಂದಳು.

"ನಂಗೇನು ತ್ರಾಸು, ನಿನ್ನ ಗಂಡ ಈಗ ಟೀ ಕೊಡಕ್ಕೆ ಶುರು ಮಾಡಿದಾನೆ," ಎಂದರು ಅಂಜಿನಮ್ಮ. ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟು, ಆಪರೇಷನ್ ದಿನ ಎಷ್ಟು ಗಂಟೆಗೆ ಬರಬೇಕು, ಹಿಂದಿನ ದಿನ ಏನು ತಿನ್ನಬೇಕು ಎಂದು ನರ್ಸನ್ನು ಕೇಳಲು ಹೋದರು.